ಬ್ರೇಕ್ ಮೇಷ್ಟ್ರ ಒಂಟಿ ಗೇರು

ಮಾರ್ಚ್ 3, ಸೋಮವಾರ

ಇವತ್ತು ಪರೀಕ್ಷಾ ಮೈದಾನದಲ್ಲಿ ನನ್ನ ಮಾನ ಹರಾಜಾಯಿತು. ಕೂಗಿದವನು ಇನ್ಸ್‌ಪೆಕ್ಟರ್, ನಿಂತು ನೋಡಿದವರು ಹದಿನಾರು ಜನ.

ಎಂದಿನಂತೆ ಮೂವರು ಕಲಿಯುವವರನ್ನು ಡ್ರೈವಿಂಗ್ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಈಗ ಕಲಿಸುವವರ ಲೈಸೆನ್ಸನ್ನೂ ನೋಡಬೇಕಂತೆ. ನೋಡಲಿ ಎಂದು ಎದೆ ಸೆಟೆಸಿ ಕೊಟ್ಟೆ. ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ.

"ಮೇಷ್ಟ್ರೇ, ಇದರ ಅವಧಿ ಮುಗಿದು ಹದಿನಾಲ್ಕು ತಿಂಗಳಾಯ್ತಲ್ರೀ."

ಇಪ್ಪತ್ತೆರಡು ವರ್ಷದಿಂದ ಪ್ರತಿಯೊಬ್ಬನಿಗೂ ಹೇಳುತ್ತ ಬಂದಿದ್ದೇನೆ, ನವೀಕರಣದ ತಾರೀಖು ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿಕೊಳ್ಳಿ ಎಂದು. ಮರೆತವರನ್ನು ಕತ್ತೆ ಎಂದಿದ್ದೇನೆ. ವರ್ಷ ದಾಟಿದ್ದರಿಂದ ನವೀಕರಣ ಇಲ್ಲ, ಮೊದಲಿನಿಂದ ಶುರು. ಎಲ್ ಬೋರ್ಡು, ಮೂವತ್ತು ದಿನ, ಆಮೇಲೆ ಇದೇ ಮೈದಾನದಲ್ಲಿ ಇದೇ ಮನುಷ್ಯನ ಮುಂದೆ ಪರೀಕ್ಷೆ.

ಕಾರು ವಾಪಸ್ ತರಲು ನಮ್ಮ ಡ್ರೈವಿಂಗ್ ಶಾಲೆಯಿಂದ ಚಿಕ್ಕ ಮೇಡಂ ಬಂದಳು. ಐದು ವರ್ಷದ ಹಿಂದೆ ನನ್ನ ಹತ್ತಿರವೇ ಕಲಿತು, ಈಗ ನಮ್ಮಲ್ಲೇ ಕಲಿಸುವವಳು. ನಾನು ಹಿಂದಿನ ಸೀಟಿನಲ್ಲಿ ಕೂತು ಬಂದೆ. ಅವಳು ಒಂದು ತಪ್ಪೂ ಮಾಡದೆ ಓಡಿಸಿದಳು. ಮಾಡಿದ್ದರೆ ಬೈಯಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ.

ಮಾರ್ಚ್ 4, ಮಂಗಳವಾರ

ಶಾಲೆಯ ಯಜಮಾನರು ಒಳಗೆ ಕರೆದು ಬಾಗಿಲು ಹಾಕಿದರು. ಬಾಗಿಲು ಹಾಕುವ ಮನುಷ್ಯ ಅಲ್ಲ ಅವರು.

"ಮೇಷ್ಟ್ರೇ, ಲೈಸೆನ್ಸ್ ಬರೋವರೆಗೆ ನೀವು ಕೌಂಟರಲ್ಲಿ ಕೂತು ಅರ್ಜಿ ತುಂಬಿಸಿ. ನಿಮ್ಮ ಕಾರು ಚಿಕ್ಕ ಮೇಡಂ ನೋಡ್ಕೋತಾರೆ."

"ಮೂವತ್ತು ದಿನ ತಾನೇ ಸಾರ್. ಆಮೇಲೆ ಕಾರು ನಂದು."

ಅವರು ಒಂದು ಫೈಲು ಮುಂದೆ ತಳ್ಳಿದರು. ಒಂದು ವರ್ಷದಲ್ಲಿ ಹನ್ನೊಂದು ಜನ 'ಈ ಮೇಷ್ಟ್ರು ಬೇಡ, ಬೇರೆಯವರನ್ನು ಕೊಡಿ' ಎಂದು ಬರೆದುಕೊಟ್ಟಿದ್ದಾರಂತೆ. ನಾನೇ ಬೇಕೆಂದು ಬರೆದವರು ಎಷ್ಟು ಎಂದು ಕೇಳಿದೆ. ಯಜಮಾನರು ಕಿಟಕಿಯ ಕಡೆ ನೋಡಿದರು.

"ಏಪ್ರಿಲ್ ಹತ್ತರೊಳಗೆ ಲೈಸೆನ್ಸ್ ಬರಲಿ. ನೀವೇ ಬೇಕು ಅಂತ ಒಬ್ಬರಾದರೂ ಬರೆದುಕೊಡಲಿ. ಎರಡೂ ಆದರೆ ಕಾರು ನಿಮ್ಮದು. ಇಲ್ಲಾಂದ್ರೆ ಕೌಂಟರೇ ಕಾಯಂ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯದೆ ಇನ್ನೇನು ತಿಳಿಯಲಿ. ಬೈದು ಕಲಿಸಿದ್ದಕ್ಕೇ ಅವರೆಲ್ಲ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದಾರೆ. ಕಲಿಸುವವನ ಕಾಲಡಿಯೂ ಒಂದು ಬ್ರೇಕಿರುವುದು ಯಾಕೆ, ಅಲಂಕಾರಕ್ಕಾ? ನಾನು ಅದನ್ನು ತುಳಿಯುವ ಚುರುಕು ನೋಡಿಯೇ ನನಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿರುವುದು. ಹೊಗಳಿಕೆಯೆಂದೇ ತಿಳಿದಿದ್ದೇನೆ.

ಮಾರ್ಚ್ 6, ಗುರುವಾರ

ಇಷ್ಟು ವರ್ಷ ಶಾಲೆಯ ಕಾರು ಮನೆಗೇ ಬರುತ್ತಿತ್ತು; ಬೆಳಗಿನ ಮೊದಲ ವಿದ್ಯಾರ್ಥಿಯೋ ಸಂಜೆಯ ಕೊನೆಯ ವಿದ್ಯಾರ್ಥಿಯೋ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ. ಈಗ ಏಳು ಕಿಲೋಮೀಟರ್ ಹೋಗುವುದು ಹೇಗೆ? ನಾನು ಯೋಚಿಸುತ್ತ ಮುಖ ಊದಿಸಿಕೊಂಡು ಕೂತಿದ್ದಾಗ ಹೆಂಡತಿ ಒಂದು ಸೈಕಲ್ಲು ತಳ್ಳಿಕೊಂಡು ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಪಕ್ಕದಲ್ಲೇ ಸೈಕಲ್ ಅಂಗಡಿ.

"ಎಲೆಕ್ಟ್ರಿಕ್ ಸೈಕಲ್ ರೀ. ಇದಕ್ಕೆ ಲೈಸೆನ್ಸ್ ಬೇಡ."

ಆ ಕೊನೆಯ ಮಾತು ಹೇಳದಿದ್ದರೂ ನಡೆಯುತ್ತಿತ್ತು.

ಕಪ್ಪು ಬಣ್ಣ, ಸಣಕಲು ಮೈ. ಬ್ಯಾಟರಿ ಸೀಟಿನ ಕೆಳಗೆ, ಮೋಟಾರು ಹಿಂದಿನ ಚಕ್ರದ ನಡುವೆ ಒಂದು ಡಬ್ಬಿಯಷ್ಟು. ಪೆಡಲ್ ತುಳಿದರೆ ಮೋಟಾರು ಹಿಂದಿನಿಂದ ತಳ್ಳುತ್ತದೆ, ಬಿಟ್ಟರೆ ತಳ್ಳುವುದನ್ನು ನಿಲ್ಲಿಸುತ್ತದೆ. ಹ್ಯಾಂಡಲ್ಲಿನಲ್ಲಿ ಮೂರು ಸಣ್ಣ ದೀಪ, ಬ್ಯಾಟರಿ ಎಷ್ಟಿದೆ ಎಂದು ತೋರಿಸಲು. ಗೇರು ಎಲ್ಲಿ ಎಂದು ಕೇಳಿದೆ.

"ಒಂದೇ ಗೇರು. ಬದಲಾಯಿಸೋ ಹಾಗೇ ಇಲ್ಲ."

"ಗೇರು ಬದಲಾಯಿಸೋಕೆ ಆಗ್ದೇ ಇರೋದು ಗಾಡೀನೇನೇ?"

"ನಿಮ್ಮನ್ನೂ ಇಷ್ಟು ವರ್ಷ ಬದಲಾಯಿಸೋಕೆ ಆಗಿಲ್ಲ. ಮನೆ ನಡೀತಿಲ್ವಾ?"

ಅವಳಿಗೆ ಯಾವಾಗಲೂ ಬಾಯಿ ಸ್ವಲ್ಪ ಹೆಚ್ಚು.

ಮಾರ್ಚ್ 7, ಶುಕ್ರವಾರ

ಮಂಡಿ ತರಚಿದೆ. ಪ್ಯಾಂಟಿನೊಳಗೆಲ್ಲ ಮರಳು.

ಆದದ್ದು ಇಷ್ಟು. ಮನೆಯ ರಸ್ತೆಯ ಕೊನೆಯಲ್ಲಿ ಒಂದು ಕಟ್ಟಡ ಏಳುತ್ತಿದೆ, ಅದರ ಮುಂದೆ ಮರಳಿನ ಗುಡ್ಡೆ. ಅದು ಎದುರಾಗಿದ್ದು ಕಂಡಿತು. ಕಂಡ ಕೂಡಲೇ ನನ್ನ ಬಲಗಾಲು ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ ಮಾಡಿತು, ಜೋರಾಗಿ ತುಳಿಯಿತು. ಕಾರಿನಲ್ಲಿ ತುಳಿದರೆ ನಿಲ್ಲುತ್ತದೆ. ಈ ದರಿದ್ರ ಗಾಡಿಯಲ್ಲಿ ತುಳಿದರೆ ಮೋಟಾರು ಖುಷಿಯಾಗಿ ಮುಂದಕ್ಕೆ ಹಾರುತ್ತದೆ. ಹಾರಿತು. ನಾನು ಇನ್ನೂ ಜೋರಾಗಿ ತುಳಿದೆ. ಅದು ಇನ್ನೂ ಖುಷಿಪಟ್ಟಿತು. ಬ್ರೇಕು ಕೈಯಲ್ಲಿದೆ ಎಂದು ಹೊಳೆದಾಗ ನಾನು ಸೊಂಟದವರೆಗೆ ಮರಳಿನಲ್ಲಿದ್ದೆ.

ಗಾರೆಯವನು ಕೈ ಹಿಡಿದು ಎಬ್ಬಿಸಿ, "ಹೊಸಬರಾ?" ಎಂದ. ಗಾಡಿ ಎತ್ತಿ ಮರಳು ಕೊಡವಿಕೊಂಡೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡು ಹೋದೆ. ಕತ್ತೆ, ಕೋಣ, ಕಣ್ಣಿಲ್ವಾ, ಕೈಯಲ್ಲೇನು ಹಿಡ್ಕೊಂಡಿದ್ದೀಯ. ಪಾಠ ಹೇಳುವಾಗ ಬರುವ ಮಾತುಗಳೇ. ಕೇಳಿಸಿಕೊಳ್ಳಲು ಇಷ್ಟು ಕೆಟ್ಟದಾಗಿರುತ್ತದೆ ಎಂದು ಗೊತ್ತಿರಲಿಲ್ಲ, ಬಹುಶಃ ಮಂಡಿ ಉರಿಯುತ್ತಿದ್ದುದರಿಂದ.

ಮಾರ್ಚ್ 8, ಶನಿವಾರ

ಮತ್ತೆ ಮರಳು.

ಮಾರ್ಚ್ 11, ಮಂಗಳವಾರ

ಮರಳು ತಪ್ಪಿತು. ಗಾರೆಯವನು ನನ್ನನ್ನು ಕಂಡರೆ ಕರಣೆ ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಇವತ್ತು ಅವನ ಮುಖದಲ್ಲಿ ನಿರಾಸೆ ಇತ್ತು.

ಬಲಕ್ಕೆ ತಿರುಗುವಾಗ ನಿಯಮದ ಪ್ರಕಾರ ಕೈ ಪೂರ್ತಿ ಚಾಚಿದೆ. ಹಿಂದೆ ಬಂದ ಬಸ್ಸು ಪಕ್ಕದಲ್ಲಿ ನಿಂತೇಬಿಟ್ಟಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಸೈಕಲ್ ಸಮೇತ ಹತ್ತಂಗಿಲ್ಲ" ಎಂದ. ಬಸ್ಸಿನ ತುಂಬ ಜನ ನಕ್ಕರು. ಕೈಸನ್ನೆ ಎಂದರೆ ಏನೆಂದು ಈ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತು.

ಕೌಂಟರಿನಲ್ಲಿ ಹೊತ್ತೇ ಹೋಗುವುದಿಲ್ಲ. ಎದುರಿನ ಗಾಜಿನಿಂದ ನನ್ನ ಕಾರು ಹೋಗುವುದೂ ಬರುವುದೂ ಕಾಣಿಸುತ್ತದೆ. ಚಿಕ್ಕ ಮೇಡಂ ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಾಳೆ, ಏನೋ ಮಾತಾಡಿಕೊಂಡು ನಗುತ್ತಿರುತ್ತಾರೆ. ಅದು ಪಾಠವಾ, ಪಿಕ್ನಿಕ್ಕಾ? ನಾನು ಇಲ್ಲೇ ಕಾಯಂ ಆದರೆ ಏನಾಗುತ್ತೇನೆ ಎಂದು ಯೋಚಿಸಿದೆ. ಕುರ್ಚಿಯಲ್ಲಿ ಕೂತೇ ಎರಡು ಸಲ ಬ್ರೇಕ್ ತುಳಿದೆ. ಮೇಜಿನ ಕಾಲು ಅಲ್ಲಾಡಿ ಟೀ ಚೆಲ್ಲಿತು.

ಮಾರ್ಚ್ 14, ಶುಕ್ರವಾರ

ಫೈಲು ಕಪಾಟಿನಲ್ಲೇ ಇತ್ತು. ಯಾರೂ ಇಲ್ಲದ ಹೊತ್ತಿನಲ್ಲಿ ತೆಗೆದು ಹನ್ನೊಂದನ್ನೂ ಓದಿದೆ.

'ತುಂಬಾ ಬೈಯುತ್ತಾರೆ' ಎಂಬುದು ಏಳು. ಅದು ಬಿಡಿ. ಒಬ್ಬ, 'ಮೇಷ್ಟ್ರು ಒಳ್ಳೆಯವರು, ನನಗೆ ಬಿ.ಪಿ. ಇದೆ' ಎಂದು ಬರೆದಿದ್ದಾನೆ. ಆಸ್ಪತ್ರೆಯ ನರ್ಸಮ್ಮ ಒಬ್ಬಳು ಬರೆದದ್ದು ಹೀಗಿದೆ: 'ನಾನು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಅವರ ಕಾಲು ಬಿದ್ದಿರುತ್ತದೆ. ಎರಡು ತಿಂಗಳಾಯಿತು, ಒಂದು ಸಲವೂ ಕಾರನ್ನು ನಾನೇ ನಿಲ್ಲಿಸಿಲ್ಲ.'

ನಾನು ನಿಲ್ಲಿಸದಿದ್ದರೆ ಎಲ್ಲಿರುತ್ತಿದ್ದೆಯಮ್ಮ, ನೀನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿರುತ್ತಿದ್ದೆ. ಫೈಲು ಕಪಾಟಿಗೆ ಎಸೆದೆ.

ಸಂಜೆ ಸೇತುವೆಯ ಏರಿನಲ್ಲಿ ಬ್ಯಾಟರಿಯ ಮೂರನೆಯ ದೀಪವೂ ಆರಿತು. ಚಾರ್ಜಿಗೆ ಹಾಕಿದ್ದೆ, ಸ್ವಿಚ್ಚು ಒತ್ತಿರಲಿಲ್ಲ. ಕೈ ತಾನಾಗಿಯೇ ಮೊದಲ ಗೇರು ಹುಡುಕಿತು. ಎಲ್ಲಿಂದ ಬರಬೇಕು? ಇರುವುದು ಒಂದೇ ಗೇರು, ಒಂದು ಜೊತೆ ಕಾಲು. ಇಳಿದು ತಳ್ಳಿದೆ. ಅರ್ಧ ಏರಿನಲ್ಲಿ ಮತ್ತೆ ಹತ್ತಿ ತುಳಿದೆ, ಮತ್ತೆ ಇಳಿದೆ. ಮೇಲೆ ಮುಟ್ಟಿದಾಗ ಬೈಯಲೂ ಉಸಿರಿರಲಿಲ್ಲ.

ಮಾರ್ಚ್ 19, ಬುಧವಾರ

ಎಲ್ ಬೋರ್ಡಿನವನು ಪಕ್ಕದಲ್ಲಿ ಲೈಸೆನ್ಸಿನವರನ್ನು ಕೂರಿಸಿಕೊಂಡೇ ಓಡಿಸಬೇಕು. ಅಂದರೆ ಚಿಕ್ಕ ಮೇಡಂ. ಮಧ್ಯಾಹ್ನ ಮೈದಾನದಲ್ಲಿ ನಾನು ಸ್ಟಿಯರಿಂಗಿನ ಹಿಂದೆ ಕೂತೆ. ಕೂತಾಗ ಗೊತ್ತಾಯಿತು: ಇಪ್ಪತ್ತೆರಡು ವರ್ಷ ಕಾರಿನಲ್ಲೇ ಇದ್ದೇನೆ, ಆದರೆ ಪಕ್ಕದ ಸೀಟಿನಲ್ಲಿ. ಈ ಸೀಟಿನಲ್ಲಿ ಕೂತು ಎಷ್ಟು ಕಾಲವಾಯಿತು ಎಂದು ನೆನಪೇ ಆಗಲಿಲ್ಲ.

ಕ್ಲಚ್ ಬಿಟ್ಟೆ, ಕಾರು ಒಮ್ಮೆ ಜಿಗಿದು ಆಫ್ ಆಯಿತು. ಮತ್ತೆ ಹಾಕಿದೆ, ಮತ್ತೆ ಆಫ್.

"ಎಷ್ಟು ಸಲ ಹೇಳ್ಬೇಕು ನಿನಗೆ, ತಲೇಲಿ ಏನಿದೆ?" ಎಂದು ಕಿರುಚಿದೆ.

"ಸರ್, ಯಾರನ್ನ ಬೈತಿದ್ದೀರಿ?"

"ಡ್ರೈವರನ್ನ."

"ಪಾಪ ಸರ್, ಬಿಡಿ. ಅವರು ಹೊಸಬರು."

ನಗು ಬಂತು. ತಡೆದುಕೊಂಡೆ, ಶಿಸ್ತು ಅಂತ ಒಂದಿದೆಯಲ್ಲ. ಮೂರನೆಯ ಸಲ ಕಾರು ಹೊರಟಿತು. ಎದುರಿಗೆ ಕಂಬ ಬಂತು. ನಾನು ಅಭ್ಯಾಸಬಲದಿಂದ ಪಕ್ಕದವರು ತಪ್ಪು ಮಾಡುವುದನ್ನೇ ಕಾಯುತ್ತ ಕೂತೆ, ಪಕ್ಕದವರು ಸುಮ್ಮನಿದ್ದರು. ಅವಳ ಕಾಲಡಿ ಬ್ರೇಕಿದೆ, ತುಳಿಯಲಿಲ್ಲ. ಕೊನೆಗೆ ನಾನೇ ತುಳಿದೆ. ಕಂಬಕ್ಕೂ ನಮಗೂ ಒಂದು ಗೇಣು ಉಳಿದಿತ್ತು.

"ನೀನು ಯಾಕೆ ತುಳೀಲಿಲ್ಲ?"

"ನೀವು ತುಳೀತೀರಿ ಅಂತ ಗೊತ್ತಿತ್ತು ಸರ್."

ಧೈರ್ಯವೋ, ಬೇಜವಾಬ್ದಾರಿಯೋ. ಅವಳು ಮಾತ್ರ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು, ನೋಡಿದೆ.

ಮಾರ್ಚ್ 21, ಶುಕ್ರವಾರ

ಜವಳಿ ಅಂಗಡಿಯ ಕೂಡುರಸ್ತೆಯಲ್ಲಿ ಹತ್ತು ನಿಮಿಷ ಒಂಟಿಕಾಲಲ್ಲಿ ನಿಂತಿದ್ದೆ. ಒಬ್ಬ ಕಾರಿನವನೂ ದಾರಿ ಬಿಡಲಿಲ್ಲ. ಕೊನೆಗೆ ಒಬ್ಬ ಹಾರ್ನ್ ಒತ್ತುತ್ತ ಮೈಮೇಲೇ ಬಂದ. ಗುರುತು ಸಿಕ್ಕಿತು, ನನ್ನ ವಿದ್ಯಾರ್ಥಿ. ಅವನಿಗೆ ಹೇಳಿಕೊಟ್ಟವನು ನಾನೇ: ಸೈಕಲ್ಲಿನವರಿಗೆ ಹೆದರಬೇಡ, ಹಾರ್ನ್ ಹೊಡಿ, ಅವರೇ ಸರೀತಾರೆ. ಸರಿದೆ. ಚರಂಡಿಯ ಕಲ್ಲಿನ ಮೇಲೆ ನಿಂತುಕೊಂಡೆ.

ಪಾಠವನ್ನು ಚೆನ್ನಾಗಿಯೇ ಕಲಿತಿದ್ದಾನೆ, ಬೈಯುವ ಹಾಗೂ ಇಲ್ಲ.

ಮಾರ್ಚ್ 26, ಬುಧವಾರ

ಹತ್ತು ನಿಮಿಷ ವ್ಯರ್ಥ. ಬೆಳಿಗ್ಗೆ ಶಾಲೆಯ ಹಿಂಭಾಗದಲ್ಲಿ ಚಕ್ರಕ್ಕೆ ಗಾಳಿ ಹಾಕುತ್ತಿದ್ದೆ. ನಾನು ಬೇಡವೆಂದು ಬರೆದುಕೊಟ್ಟು ಈಗ ಚಿಕ್ಕ ಮೇಡಂ ಹತ್ತಿರ ಕಲಿಯುತ್ತಿರುವ ಆ ನರ್ಸಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಚಿಕ್ಕ ಮೇಡಂ ಕರೆಯುತ್ತಿದ್ದರೂ ಎದ್ದು ಹೋಗುತ್ತಿಲ್ಲ. ನನ್ನನ್ನು ಕಂಡು ಎದ್ದು ನಿಂತಳು, ಬೈಸಿಕೊಳ್ಳಲು ಅಭ್ಯಾಸವಾದವರು ನಿಲ್ಲುವ ಹಾಗೆ.

"ಏನಾಯ್ತಮ್ಮ?"

"ನಿನ್ನೆ ಏರಲ್ಲಿ ಕಾರು ಹಿಂದಕ್ಕೆ ಹೋಯ್ತು ಸರ್. ನನ್ನ ಕೈಲಾಗಲ್ಲ."

ಏನಾದರೂ ಹೇಳಬೇಕಲ್ಲ ಎಂದು ಮರಳಿನ ವಿಷಯ ಹೇಳಿದೆ. ಬ್ರೇಕ್ ಎಂದು ಪೆಡಲ್ ತುಳಿದದ್ದು, ಅದು ಹಾರಿದ್ದು, ಎರಡನೆಯ ದಿನವೂ ಅದೇ ಗುಡ್ಡೆಗೆ ನುಗ್ಗಿದ್ದು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟೊಂದು ನಗುವ ವಿಷಯವಲ್ಲ ಅದು.

"ಮೂರನೇ ದಿನ ಏನ್ಮಾಡಿದ್ರಿ ಸರ್?"

"ಏನ್ಮಾಡ್ತಾರೆ. ಮತ್ತೆ ಹತ್ತಿದೆ."

ಅವಳು ಹೋಗಿ ಕಾರಿನಲ್ಲಿ ಕೂತಳು. ಗಾಳಿ ಪಂಪು ಇನ್ನೂ ನನ್ನ ಕೈಯಲ್ಲೇ ಇತ್ತು.

ನನ್ನ ಹೆಸರಿಗೆ ಅರ್ಜಿ ಇನ್ನೂ ಒಂದೂ ಬಂದಿಲ್ಲ. ಕೌಂಟರಿನಲ್ಲಿ ಕೂತವನು ನಾನೇ ಆದ್ದರಿಂದ ಬೇರೆಯವರನ್ನು ಕೇಳುವ ಅಗತ್ಯವೂ ಇಲ್ಲ.

ಏಪ್ರಿಲ್ 2, ಬುಧವಾರ

ಸೇತುವೆಯ ಏರು ಇವತ್ತು ಒಂದೇ ಉಸಿರಿಗೆ. ಮೋಟಾರು ಅರ್ಧ, ನಾನು ಅರ್ಧ. ಒಂದೇ ಗೇರಿನ ಗುಟ್ಟು ಗೊತ್ತಾಗಿದೆ: ಏರು ಕಂಡ ಕೂಡಲೇ ಗಾಬರಿಬಿದ್ದು ತುಳಿಯಬಾರದು. ಮೊದಲಿನಿಂದ ಹೇಗೆ ತುಳಿಯುತ್ತಿದ್ದೆವೋ ಹಾಗೇ ತುಳಿಯಬೇಕು, ಅದೂ ಹಾಗೇ ತಳ್ಳುತ್ತದೆ. ಮೇಲೆ ಗಾಳಿ ಚೆನ್ನಾಗಿತ್ತು, ಐದು ನಿಮಿಷ ನಿಂತೆ. ಯಾರಿಗೂ ಹೇಳುವ ವಿಷಯವಲ್ಲ.

ಮನೆಗೆ ಬಂದು ಗಾಡಿ ಒರೆಸುತ್ತಿದ್ದೆ. ಹೆಂಡತಿ ಕಿಟಕಿಯಲ್ಲಿ ನಿಂತಿದ್ದಳು.

"ಅದರ ಜೊತೆ ಏನು ಮಾತು?"

"ಯಾರು ಮಾತಾಡಿದ್ರು? ಚೈನಿಗೆ ಎಣ್ಣೆ ಹಾಕ್ತಿದ್ದೆ."

ಈ ಮನೆಯಲ್ಲಿ ಬಾಯಿ ಬಿಟ್ಟರೂ ಕಷ್ಟ.

ಏಪ್ರಿಲ್ 5, ಶನಿವಾರ

ಸೋಮವಾರ ಪರೀಕ್ಷೆ. ಚಿಕ್ಕ ಮೇಡಂ ಕೊನೆಯ ಸಲ ಅಭ್ಯಾಸ ಮಾಡಿಸಿದಳು. ಎಂಟರ ಆಕಾರದ ಸುತ್ತು ಹಾಕಿದ್ದು ಸರಿಹೋಯಿತು, ಹಿಂದಕ್ಕೆ ನಿಲ್ಲಿಸಿದ್ದೂ ಸರಿಹೋಯಿತು.

"ನೀವು ಪಾಸಾಗ್ತೀರಿ ಸರ್," ಎಂದಳು. ಆಮೇಲೆ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, "ಸೋಮವಾರದ ಮೇಲೆ ಈ ಕಾರು ಮತ್ತೆ ನಿಮ್ಮದು."

ಅದನ್ನು ಅವಳು ಸಂತೋಷದಿಂದಲೇ ಹೇಳಿದಳು, ಆದರೂ ಮುಖ ಬೇರೆ ಕಡೆ ಇತ್ತು. ಅವಳಿಗೂ ಈ ಸೀಟು ಬೇಕು, ಯಾರಿಗೆ ಬೇಡ? ಐದು ವರ್ಷದ ಹಿಂದೆ ಇದೇ ಸೀಟಿನಲ್ಲಿ ಕೂತು ನಾನು ಅವಳನ್ನು ಬೈದು ಅಳಿಸಿದ್ದೆ. ಅದನ್ನು ಹೇಳಿ ಏನಾದರೂ ಮಾತಾಡಬೇಕೆಂದುಕೊಂಡೆ. "ಎಡಗಡೆ ಹಿಂದಿನ ಟಯರಿಗೆ ಗಾಳಿ ಕಮ್ಮಿ ಇದೆ" ಎಂದೆ.

ಏಪ್ರಿಲ್ 7, ಸೋಮವಾರ

ಫೇಲು.

ಎಂಟು ಸರಿ. ಏರು ಸರಿ. ಕಾರು ಒಂದು ಸಲವೂ ಆಫ್ ಆಗಲಿಲ್ಲ. ಆಮೇಲೆ ರಸ್ತೆಗೆ ಇಳಿಸಿದರು, ಹದಿನೈದು ನಿಮಿಷದಲ್ಲಿ ಒಂದು ಸುತ್ತು. ಕಾರ್ಖಾನೆಯ ಗೇಟಿನ ಬಳಿ ತಿರುವು. ಅಷ್ಟು ಹೊತ್ತಿಗೆ ಪಾಳಿ ಬಿಟ್ಟಿತು. ಒಬ್ಬ ಸೈಕಲ್ಲಿನವನು ಒಂಟಿಕಾಲಲ್ಲಿ ನಿಂತು ನನ್ನ ಕಡೆ ನೋಡಿದ. ಹೋಗಪ್ಪ ಎಂದು ಕೈ ತೋರಿಸಿದೆ. ಅವನ ಹಿಂದೆ ಇನ್ನೊಬ್ಬ. ಅವನು ಮಾಡಿದ ಪಾಪವೇನು? ಅವನಿಗೂ ಬಿಟ್ಟೆ. ಹಿಂದೆ ಒಬ್ಬಳು ಟಿಫಿನ್ ಡಬ್ಬಿ ನೇತುಹಾಕಿಕೊಂಡು ಕಷ್ಟಪಟ್ಟು ಸಮತೋಲನ ಮಾಡುತ್ತಿದ್ದಳು, ಅಂಥವರನ್ನು ನಿಲ್ಲಿಸಿದರೆ ಬಿದ್ದೇ ಹೋಗುತ್ತಾರೆ.

"ಮುಂದೆ ಹೋಗ್ರೀ," ಎಂದ ಇನ್ಸ್‌ಪೆಕ್ಟರ್.

"ಒಂದು ನಿಮಿಷ ಸಾರ್, ಅವರಿಗೆ ಮತ್ತೆ ತುಳಿದು ಎತ್ತೋದು ಕಷ್ಟ."

ಹೊತ್ತು ಮೀರಿತು. ಆತ ಹಾಳೆಯ ಮೇಲೆ ಅಡ್ಡಗೆರೆ ಎಳೆದ.

"ಮೇಷ್ಟ್ರೇ, ಒಬ್ಬನಿಗೆ ದಾರಿ ಬಿಟ್ರಿ, ಒಪ್ಪಿದೆ. ಪಾಳಿ ಪೂರ್ತಿ ಮನೆ ಸೇರೋವರೆಗೂ ಕಾಯ್ತೀರಾ? ನೀವು ಬೈದು ಬೈದು ಕಳಿಸಿದವರೆಲ್ಲ ಪಾಸಾದ್ರು, ನಿಮಗೇನಾಯ್ತು?"

ಏನಾಯ್ತು ಎಂದು ನನಗೂ ಗೊತ್ತಿಲ್ಲ. ಮನೆಗೆ ಫೋನ್ ಮಾಡಿ ಒಂದೇ ಮಾತಲ್ಲಿ ಹೇಳಿದೆ. ಮತ್ತೆ ಪರೀಕ್ಷೆಗೆ ಒಂದು ತಿಂಗಳು. ಯಜಮಾನರು ಕೊಟ್ಟ ಗಡುವು ಗುರುವಾರ. ಕಾರು ಹೋಯಿತು. ಗಾಡಿಯನ್ನು ಮೋಟಾರು ಆರಿಸಿ, ಬರೀ ಕಾಲಲ್ಲಿ ತುಳಿದುಕೊಂಡು ಬಂದೆ. ದುಃಖವಾಗಿದೆ. ಬರೆಯುವುದಕ್ಕೆ ಬೇರೆ ಪದ ಇಲ್ಲ.

ಏಪ್ರಿಲ್ 8, ಮಂಗಳವಾರ

ಯಜಮಾನರು ಮತ್ತೆ ಬಾಗಿಲು ಹಾಕಿದರು. ನಾನೇ ಮೊದಲು ಮಾತಾಡಿದೆ.

"ಕಾರು ಚಿಕ್ಕ ಮೇಡಂಗೇ ಬರೆದುಬಿಡಿ ಸಾರ್. ಚೆನ್ನಾಗಿ ಕಲಿಸ್ತಾಳೆ. ನನಗಿಂತ ಚೆನ್ನಾಗಿ."

"ಅದನ್ನ ಬರೆದಾಯ್ತು. ಮಧ್ಯಾಹ್ನದ ಪಾಠಕ್ಕೆ ಹಳೇ ಕಾರು ಒಂದು ಖಾಲಿ ಇದೆ. ಅದಕ್ಕೆ ಏನ್ಮಾಡ್ಲಿ ಅಂತ ಯೋಚಿಸ್ತಿದ್ದೆ. ನಿನ್ನೆ ಸಂಜೆ ನೀವು ಕೌಂಟರಲ್ಲಿ ಇರ್ಲಿಲ್ಲ, ಆಗ ಇದು ಬಂತು."

ಒಂದು ಅರ್ಜಿ. ಕಲಿಸುವವರು ಯಾರಾಗಬೇಕು ಎಂಬಲ್ಲಿ ನನ್ನ ಹೆಸರು. ಯಾವಾಗಿನಿಂದ ಎಂಬಲ್ಲಿ, 'ಅವರು ಪಾಸಾದ ಮೇಲೆ. ಅಲ್ಲಿಯವರೆಗೆ ಕಾಯುತ್ತೇನೆ.' ಕೆಳಗೆ ನನ್ನ ಹೆಂಡತಿಯ ಸಹಿ.

"ಮನೆಯವರದು ಲೆಕ್ಕಕ್ಕೆ ಬರುತ್ತಾ ಸಾರ್?"

"ಕಾಯ್ತೀನಿ ಅಂತ ಬರೆದ ಗಿರಾಕಿಯನ್ನ ನಾನು ಈವರೆಗೆ ನೋಡಿಲ್ಲ ಮೇಷ್ಟ್ರೇ. ಹೋಗಿ ಇನ್ನೊಂದ್ಸಲ ಪರೀಕ್ಷೆ ಕೊಡಿ."

ಈ ಪುಸ್ತಕದಲ್ಲಿ ನಾನು ಎಲ್ಲೂ ಬರೆಯದ ಒಂದು ವಿಷಯ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳಿಗೆ ಕಾರು ಕಲಿಸಲು ಕರೆದುಕೊಂಡು ಹೋಗಿದ್ದೆ. ಒಂದೇ ದಿನ. ಸರ್ಕಲ್ಲಿನ ನಡುವೆ ಕಾರು ನಿಂತುಹೋಯಿತು, ಜನರೆಲ್ಲ ನೋಡುವ ಹಾಗೆ ನಾನು ಬೈದೆ. ಏನೇನು ಬೈದೆ ಎಂದು ನನಗೆ ನೆನಪಿಲ್ಲ, ಅವಳಿಗಿರುತ್ತದೆ. ಅವಳು ಬಾಗಿಲು ತೆಗೆದು ಇಳಿದು ನಡೆದುಕೊಂಡು ಮನೆಗೆ ಹೋದಳು. ಆಮೇಲೆ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅರ್ಜಿ ಹಿಡಿದುಕೊಂಡಾಗ ಅದೇ ನೆನಪಾಗಿ ನಾಚಿಕೆಯಾಯಿತು.

ಮನೆಗೆ ಬಂದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ನಾನೂ ಕೂತು ಒಂದು ಟವೆಲ್ ಮಡಿಸಿದೆ.

"ಇನ್ನೂ ಒಂದು ತಿಂಗಳು ಆಗುತ್ತೆ ಕಣೇ. ಈ ಸಲಾನೂ ಪಾಸಾಗ್ತೀನೋ ಇಲ್ವೋ."

"ಇಪ್ಪತ್ತೆರಡು ವರ್ಷ ಕಾದಿದ್ದೀನಿ. ಒಂದು ತಿಂಗಳು ತಾನೇ."

ನಾನು ಆ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದೆ. ಅವತ್ತು ತಪ್ಪು ನನ್ನದು ಎಂದೆ. ಹೂಂ ಎಂದಳು, ಗೊತ್ತಿರುವ ವಿಷಯ ಕೇಳಿದವರ ಹಾಗೆ.

"ಆದರೆ ನಾನೇ ಯಾಕೆ? ಚಿಕ್ಕ ಮೇಡಂ ಚೆನ್ನಾಗಿ ಹೇಳಿಕೊಡ್ತಾಳೆ."

"ದಿನಾ ಬೆಳಿಗ್ಗೆ ಆ ಗಾಡಿ ಹತ್ತೋವಾಗ ಕಾಲು ಜಾರುತ್ತಲ್ಲ ನಿಮಗೆ, ಆಗ ನಿಮಗೆ ನೀವೇ ಒಂದು ಮಾತು ಹೇಳ್ಕೋತೀರಿ. ಕಿಟಕಿಯಿಂದ ಕೇಳಿಸುತ್ತೆ. ನಾನು ತಪ್ಪು ಮಾಡಿದಾಗಲೂ ಅದನ್ನೇ ಹೇಳ್ಬೇಕು. ಅಷ್ಟಾದರೆ ಸಾಕು."

"ಏನು ಹೇಳ್ಕೋತೀನಿ?"

"'ಪರವಾಗಿಲ್ಲ ಬಿಡು, ಇನ್ನೊಂದ್ಸಲ' ಅಂತ."

ನಾನು ಹಾಗೆ ಹೇಳುತ್ತೇನಂತೆ. ದಿನಾ.